ವಧು ಕೇಳಿದರೆ ವಿಧುರ ಕೊಟ್ಟ ಯಂತ್ರ

ಕಡರನಾಯಕನಹಳ್ಳಿಯ ರೇವಣ್ಣ ತಮ್ಮ ಮಗಳ ನೋಂದಣಿ ನಂಬರು ಕೊಟ್ಟರು. ಯಂತ್ರ ಒಬ್ಬ ವಿಧುರನನ್ನು ಕೊಟ್ಟಿತು.

ಹರಿಹರದಲ್ಲಿ 'ಶುಭಕೂಟ ವಧೂವರ ಕೇಂದ್ರ'ದ ಹೊಸ ಆಫೀಸಿನ ಉದ್ಘಾಟನೆ. ೧೯೮೭ನೇ ಇಸವಿ, ಒಂದು ಮಂಗಳವಾರ. ದಾವಣಗೆರೆಯ ಮಂಡಿಪೇಟೆಯ ಹಳೇ ಕಂಪ್ಯೂಟರಿನಲ್ಲಿದ್ದ ಕನ್ಯೆಯರನ್ನೂ ವರಗಳನ್ನೂ ಹರಿಹರದ ಹೊಸ ಕಂಪ್ಯೂಟರಿಗೆ ಸಾಗಿಸಲಾಗಿತ್ತು. ಶಾಮಿಯಾನದ ಕೆಳಗೆ ಒಂದು ಮದುವೆಯಷ್ಟು ಜನ. ಕೇಂದ್ರದ ಮಾಲೀಕ ವಾಮದೇವಪ್ಪ ಮೈಕ್ ಹಿಡಿದಿದ್ದರು. ಯಂತ್ರದ ಮುಂದೆ ಆಪರೇಟರ್ ಶಮೀಮ್ ಕೂತಿದ್ದಳು. ನಂಬರು ಒತ್ತಿದರೆ ಆ ನಂಬರಿನವರ ವಿವರವೇ ಪರದೆಗೆ ಬರಬೇಕಿತ್ತು.

ವಾಮದೇವಪ್ಪ ಪರದೆಯ ಮೇಲೆ ಬಂದದ್ದನ್ನು ಹಾಗೇ ಮೈಕಿನಲ್ಲಿ ಓದಿದರು.

"ವಯಸ್ಸು ಐವತ್ತೆಂಟು. ನಿವೃತ್ತ. ವಿಧುರ. ಮೊಮ್ಮಕ್ಕಳು ಇಬ್ಬರು—"

"ನನ್ನ ಮಗಳು ಇನ್ನೂ ಬಿ.ಎ. ಓದ್ತಾಳ್ರೀ," ಎಂದರು ರೇವಣ್ಣ. "ಮೊಮ್ಮಕ್ಕಳು ಯಾವಾಗ ಆದ್ವು?"

ಶಾಮಿಯಾನ ನಕ್ಕಿತು. ಇನ್ನೊಬ್ಬರು ಮಗನ ನಂಬರು ಕೊಟ್ಟರು. ಮಗನ ಬದಲು ಹೊಲಿಗೆ ಬಲ್ಲ, ಲಕ್ಷಣವಾದ ಕನ್ಯೆ ಬಂದಳು. ಹದಿನೈದು ದಿನದ ಹಿಂದಷ್ಟೇ ಹೆಸರು ಬರೆಸಿದ್ದ ಮೇಷ್ಟ್ರೊಬ್ಬರು ತಮ್ಮ ನಂಬರು ಕೊಟ್ಟರು. ಯಂತ್ರ ಈ ಸಲ ಯಾರನ್ನೂ ಕೊಡಲಿಲ್ಲ. 'ರೆಕಾರ್ಡ್ ಈಸ್ ಔಟ್ ಆಫ್ ರೇಂಜ್' ಎಂದು ಬರೆಯಿತು.

"ಹಂಗಂದ್ರೆ ಏನ್ರಿ?"

"ಹೆಣ್ಣು ನಿಮ್ಮ ಕೈಗೆ ಎಟುಕಂಗಿಲ್ಲ ಅಂತ!" ಎಂದು ಹಿಂದಿನ ಸಾಲಿನವರು ಯಾರೋ ಅನುವಾದಿಸಿದರು.

ವಾಮದೇವಪ್ಪ ಮೈಕನ್ನು ಮೇಜಿನ ಮೇಲೆ ಇಟ್ಟರು. ಆರಿಸಲಿಲ್ಲ.

"ಏನ್ ಮಾಡಿಟ್ಟೆ ಶಮೀಮ್? ಯಾರ ಮಾತು ಕೇಳಿ ಹಿಂಗ್ ಮಾಡ್ದೆ?"

ಅದನ್ನು ಇಡೀ ಬೀದಿ ಕೇಳಿಸಿಕೊಂಡಿತು. ಮೂರನೇ ಸಾಲಿನಲ್ಲಿ ಕೂತಿದ್ದ ಸೈಕಲ್ ಅಂಗಡಿ ಮೌಲಾ ಸಾಬರೂ ಕೇಳಿಸಿಕೊಂಡರು. ಅವರ ಮಗ ಖಾಜಾ ಹುಸೇನನಿಗೂ ಶಮೀಮಳಿಗೂ ಮದುವೆ ಗೊತ್ತಾಗಿತ್ತು. ಅಪ್ಪ ಮಗ ಇಬ್ಬರೂ ಎದ್ದು ಶರಬತ್ತು ಕುಡಿಯದೆ ಹೋದರು.

ಶಮೀಮ್ ಅಳಲಿಲ್ಲ. ಯಂತ್ರದ ಮೇಲೆ ಅದರ ಬಟ್ಟೆಯ ಮುಸುಕು ಹಾಕಿ, ಮೂಲೆ ಸರಿಮಾಡಿ, ಮನೆಗೆ ಹೋದಳು. ಅಳದವಳೇ ಕಳ್ಳಿ ಎಂದು ಸಭೆ ತೀರ್ಮಾನಿಸಿತು.

*

ಆ ವಾರದ ಕೊನೆಗೆ ವಾಮದೇವಪ್ಪ ಹಾಲೇಶಪ್ಪನಿಗೆ ಹೇಳಿಕಳಿಸಿದರು.

ಹಾಲೇಶಪ್ಪ ದಾವಣಗೆರೆಯ ಖಾಸಗಿ ಪತ್ತೇದಾರ. ಅವನಿಗೆ ಕೊಲೆ, ದರೋಡೆ ಸಿಕ್ಕಿದ್ದಿಲ್ಲ. ಸಿಗುತ್ತಿದ್ದದ್ದು ವರಗಳು. ಹುಡುಗ ಕುಡಿಯುತ್ತಾನೆಯೇ, ಇಸ್ಪೀಟು ಆಡುತ್ತಾನೆಯೇ, ಇನ್ನೊಂದು ಮನೆ ಇದೆಯೇ ಎಂದು ಪತ್ತೆ ಮಾಡಿ ಕನ್ಯೆಯ ಕಡೆಯವರಿಗೆ ಹೇಳುತ್ತಿದ್ದ. ವರಪರೀಕ್ಷೆಯಲ್ಲಿ ಅವನು ಫೇಲು ಮಾಡಿದವರು ಊರ ತುಂಬ ಇದ್ದರು. ಅದಕ್ಕೇ ಅವನು ಬೀದಿಯಲ್ಲಿ ನಡೆಯುತ್ತಿರಲಿಲ್ಲ, ನನ್ನ ಸ್ಕೂಟರಿನ ಹಿಂದೆ ಕೂರುತ್ತಿದ್ದ. ಸ್ಕೂಟರ್ ನನ್ನದು, ಪೆಟ್ರೋಲ್ ಅವನದು, ಬುದ್ಧಿ ಯಾರದೆಂದು ನಾವು ಚರ್ಚಿಸಿರಲಿಲ್ಲ.

ಹರಿಹರದ ಆಫೀಸಿನಲ್ಲಿ ಶಾಮಿಯಾನ ಇನ್ನೂ ಬಿಚ್ಚಿರಲಿಲ್ಲ. ವಾಮದೇವಪ್ಪ ಕಾರ್ಯಕ್ರಮದ ಅಂಗಿಯನ್ನೇ ಹಾಕಿಕೊಂಡು ಕೂತಿದ್ದರು. ಮುಖ ಬೇಯಿಸಿದ ಗೆಣಸಿನ ಹಾಗೆ ಇತ್ತು.

"ಬಾ ಹಾಲೇಶಿ, ಕೂಡ್ರು. ಯಾರು ಮಾಡಿದ್ದು ಅಂತ ನಂಗೆ ಗೊತ್ತೈತೆ. ಪುರಾವೆ ಬೇಕು, ಅಷ್ಟೇ."

"ಗೊತ್ತಿದ್ದ ಮೇಲೆ ನಾನ್ಯಾಕ್ರಿ?"

"ಪೊಲೀಸ್ನೋರು ಬರವಣಿಗೆಯಾಗೆ ಕೇಳ್ತಾರೆ. ಇವತ್ತು ಸಂಜಿಗೆ ಕಂಪ್ಲೇಂಟ್ ಕೊಡ್ತೀನಿ. ಮೌಲಾ ಸಾಬ್ರೂ ಬರ್ತೀನಂದಾರೆ. ಕಂಪ್ಲೇಂಟ್ ಆದ್ರೆ ಈ ಸಂಬಂಧ ಬ್ಯಾಡ ಅಂತ ಅವರು ಆಗ್ಲೇ ಹೇಳ್ಯಾರೆ."

"ಹುಡುಗಿಗೆ ಇದು ಗೊತ್ತೈತಾ?"

"ಹೇಳಿ ಕಳ್ಸೀನಿ."

"ಏನಂದ್ಲು?"

"ಆಯ್ತು ಸರ್ ಅಂದ್ಲಂತೆ." ವಾಮದೇವಪ್ಪನ ದನಿಯಲ್ಲಿ ನಿರಾಸೆ ಇತ್ತು. "ಅಷ್ಟೇ! ಕಲ್ಲಿಗೆ ಹೇಳಿದಂಗೆ."

ಯಂತ್ರ ಮಾರಿದವರ ಕಡೆಯ ಇಂಜಿನಿಯರ್ ಬಂದು ನೋಡಿ ಹೋಗಿದ್ದ. ಯಂತ್ರ ಸರಿ ಇದೆ, ಒಳಗಿನ ಮಾಹಿತಿ ಕಲಸಿದೆ, ಅದು ನಿಮ್ಮವರದೇ ಕೆಲಸ ಎಂದಿದ್ದ. ಪ್ರೋಗ್ರಾಂ ಬರೆದುಕೊಟ್ಟ ಹುಡುಗ ದುಬೈ ಸೇರಿದ್ದ. ಉಳಿದವಳು ಶಮೀಮ್. ಅವಳನ್ನು ಯಂತ್ರದ ಹತ್ತಿರ ಬಿಡಬಾರದೆಂದು ಅಪ್ಪಣೆಯಾಗಿತ್ತು.

ಮೂಲೆಯಲ್ಲಿ ಒಂದು ಕಬ್ಬಿಣದ ಟ್ರಂಕು. ಅದರ ಮೇಲೆ ಗುಮಾಸ್ತ ಅಜ್ಜಪ್ಪ. ಕಂಪ್ಯೂಟರ್ ಬರುವ ಮೊದಲು ಎಲ್ಲ ವಧೂವರರೂ ಆ ಟ್ರಂಕಿನೊಳಗೆ ರಟ್ಟಿನ ಕಾರ್ಡುಗಳಾಗಿ ಮಲಗಿದ್ದರು. ಆಮೇಲೆ ಟ್ರಂಕಿಗೆ ಬೀಗ ಬಿತ್ತು, ಅಜ್ಜಪ್ಪನಿಗೆ ಚಹಾ ತರುವ ಕೆಲಸ ಬಿತ್ತು.

"ನಿಮಗೆ ಈ ಯಂತ್ರದ ಮೇಲೆ ಸಿಟ್ಟೇನ್ರಿ ಅಜ್ಜಪ್ನೋರೇ?"

"ನಂಗ್ಯಾಕ್ ಸಿಟ್ಟು? ಇಪ್ಪತ್ತು ವರ್ಷ ನಾನು ಹೆಣ್ಣಿಗೆ ಗಂಡು ತೋರಿಸ್ದೆ. ಹೆಣ್ಣನ್ನೇ ಗಂಡು ಮಾಡಿ ತೋರ್ಸೋ ವಿದ್ಯೆ ನಂಗೆ ಬರಲ್ಲಪ್ಪ."

"ಮುಟ್ಟಿದ್ರಾ?"

"ಮುಟ್ಟಿದ್ರೆ ಶಾಕ್ ಹೊಡಿತೈತೆ ಅಂತ ಸಾಹೇಬ್ರೇ ಹೇಳಿದ್ರು. ಅವಳನ್ನ ಕೇಳ್ರಿ. ಸೋಮವಾರ ಕುಂತು ಅಳಿಸ್ತಿದ್ಲು."

"ಏನನ್ನ?"

"ಜನರ್ನ! ಹೆಸರು ಹಾಕೋದು, ಅಳಿಸೋದು. ನಾನೇ ಕಣ್ಣಾರೆ ನೋಡೀನಿ. ಅದರ ಹಿಂದಿನ ವಾರ ಒಂದು ಫ್ಲಾಪಿ ಬ್ಯಾರೆ ಕಳಕೊಂಡಿದ್ಲು. ಎದುರು ಪಾರ್ಟಿಗೆ ಮಾರ್ಕೊಂಡಿರ್ಬೇಕು."

"ಕೇಳಿದ್ಯಾ?" ಎಂದು ವಾಮದೇವಪ್ಪ ಮೇಜು ಕುಟ್ಟಿದರು. "ಅಳಿಸಿದ್ಲು! ಅದನ್ನ ಬರ್ಕೋ."

ಹಾಲೇಶಪ್ಪ ಬರೆದುಕೊಳ್ಳಲಿಲ್ಲ. "ಟ್ರಂಕ್ ತೆಗೀರಿ ಅಜ್ಜಪ್ನೋರೇ," ಎಂದ.

ಆಮೇಲೆ ನಡೆದದ್ದು ಒಂದು ವಿಚಿತ್ರ ಸ್ವಯಂವರ. ಅಜ್ಜಪ್ಪ ಕಾರ್ಡು ಎತ್ತಿ ನಂಬರು ಹೇಳುವುದು, ವಾಮದೇವಪ್ಪ ಒಂದೇ ಬೆರಳಲ್ಲಿ ಅದನ್ನು ಒತ್ತುವುದು, ಹಾಲೇಶಪ್ಪ ಪರದೆಯನ್ನೂ ಕಾರ್ಡನ್ನೂ ಜೋಡಿ ನೋಡುವುದು. ಮೊದಮೊದಲ ನಂಬರುಗಳಿಗೆ ಸರಿಯಾದವರೇ ಬಂದರು. ಅಜ್ಜಪ್ಪನ ಮುಖ ಬಾಡಿತು. ಸ್ವಲ್ಪ ಮುಂದೆ ಹೋದ ಮೇಲೆ ಕರೆದವರ ಬದಲು ಅವರ ಮುಂದಿನ ನಂಬರಿನವರು ಬಂದರು. ಅಜ್ಜಪ್ಪ ಚೇತರಿಸಿಕೊಂಡರು. ಇನ್ನೂ ಮುಂದೆ, ಎರಡು ಮನೆ ಆಚೆಯವರು. ಆಮೇಲೆ ಮೂರು ಮನೆ. ಕಾರ್ಡು ಮುಗಿದ ಮೇಲಿನ ಕಟ್ಟಕಡೆಯ ನಂಬರುಗಳಿಗೆ ಯಾರೂ ಇಲ್ಲ.

"ಕಲಸಿದ್ದಲ್ಲ ಇದು," ಎಂದ ಹಾಲೇಶಪ್ಪ ನನ್ನ ಕಿವಿಯಲ್ಲಿ. "ಕಲಸಿದ್ರೆ ಮೊಸರನ್ನದಂಗೆ ಇರ್ತಿತ್ತು. ಇದು ಸರದಿ ಪ್ರಕಾರ ಸರ್ದೈತೆ."

"ಏನು ಹಂಗಂದ್ರೆ?"

"ನಂಗೇನ್ ಗೊತ್ತು? ನಾನು ಕಂಪ್ಯೂಟರ್ ನೋಡಿದ್ದೇ ಇವತ್ತು." ವಾಮದೇವಪ್ಪನ ಕಡೆ ತಿರುಗಿದ. "ದಾವಣಗೆರೆಯಿಂದ ತಂದ ಫ್ಲಾಪಿ ಎಲ್ಲಿ?"

ಹಳೇ ಯಂತ್ರದ ಮಾಹಿತಿ ಹೊತ್ತುತಂದ ಎರಡು ಕಬೋರ್ಡಿನಿಂದ ಬಂದವು. ಕರೀ ಚಪ್ಪಟೆ ಚೌಕ, ಹಪ್ಪಳದಷ್ಟು ಅಗಲ, ಒಂದೊಂದಕ್ಕೂ ಬಿಳಿ ಕಾಗದದ ಚೀಲ. ಒಂದರ ಮೇಲೆ ಒಂದು, ಇನ್ನೊಂದರ ಮೇಲೆ ಎರಡು ಎಂದು ಬರೆದಿತ್ತು. ಎರಡೂ ಶಮೀಮಳ ದುಂಡನೆಯ ಅಕ್ಷರ.

"ಅವಳು ಕೊಟ್ಟ ಮೇಲೆ ಯಾರ ಕೈಯಾಗಿದ್ವು?"

"ನನ್ನ ಕೈಯಾಗೇ. ಕಾರಿನಾಗೆ ನಾನೇ ತಂದೆ. ಇಂಜಿನಿಯರು ಎರಡನ್ನೂ ಹೊಸ ಯಂತ್ರಕ್ಕೆ ತುಂಬಿದ. ಯಾಕ?"

ಹಾಲೇಶಪ್ಪ ಚೀಲಗಳನ್ನು ಒಂದೊಂದಾಗಿ ಮೇಜಿನ ಮೇಲೆ ಬೋರಲು ಹಾಕಿ ತಟ್ಟಿದ. ಮೊದಲನೆಯದರಿಂದ ಏನೂ ಬೀಳಲಿಲ್ಲ. ಎರಡನೆಯದರಿಂದ ಒಂದು ಅಕ್ಕಿಕಾಳು ಬಿತ್ತು. ಹಳದಿ ಕಾಳು. ಅವನು ಅದನ್ನು ಬೆರಳ ತುದಿಗೆ ಅಂಟಿಸಿಕೊಂಡು ನೋಡಿದ, ಊದಿಬಿಟ್ಟ.

"ಉದ್ಘಾಟನೆಗೆ ಪೂಜೆ ಜೋರಾಗಿತ್ತೇನ್ರಿ?"

"ಛೆ ಛೆ!" ವಾಮದೇವಪ್ಪ ನೆಟ್ಟಗೆ ಕೂತರು. "ಕಾಯಿಲ್ಲ, ಕರ್ಪೂರಿಲ್ಲ, ಅಕ್ಷತೆ ಇಲ್ಲ. ಬಟನ್ ಒತ್ತಿದ್ದೇ ಉದ್ಘಾಟನೆ. ಮಂಗಳವಾರ ಬ್ಯಾಡ ಅಂದ್ರು ಎಷ್ಟೋ ಜನ. ಅತಿಥಿಗಳಿಗೆ ಅವತ್ತೇ ಬಿಡುವು. ಇಟ್ಟೆ ನೋಡು ಮಂಗಳವಾರವೇ! ನಾನು ಕ್ಲಬ್ಬಿನಾಗೆ ಮೂಢನಂಬಿಕೆ ಮ್ಯಾಲೆ ಭಾಷಣ ಮಾಡೋನು ಕಣಯ್ಯ."

ಜಾತಕ ನಂಬದವರು ಜಾತಕ ಕೂಡಿಸುವ ಯಂತ್ರ ಇಟ್ಟಿದ್ದರು. ಕುಡಿಯದವನು ಸಾರಾಯಿ ಅಂಗಡಿ ಇಟ್ಟರೆ ಲಾಭ ಹೆಚ್ಚು.

"ಸಂಜೆ ಬರ್ತೀನಿ," ಎಂದ ಹಾಲೇಶಪ್ಪ. "ಅಲ್ಲಿ ತನಕ ಕಂಪ್ಲೇಂಟ್ ಬ್ಯಾಡ."

*

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಶಮೀಮಳ ಅಪ್ಪ ಬಡೇಸಾಬ್ ಮನೆಮುಂದಿನ ಚಪ್ಪರದಲ್ಲಿ ಗಾದಿಗೆ ಹತ್ತಿ ಹಿಂಜುತ್ತಿದ್ದರು. ಹತ್ತಿಯ ಎಳೆ ಮೂಗಿನ ಮೇಲೆ, ಹುಬ್ಬಿನ ಮೇಲೆ, ಬಾಗಿಲ ಚಿಲಕದ ಮೇಲೆ ಕೂತಿತ್ತು. ಆ ಮನೆಯಲ್ಲಿ ಮಾತು ಕೂಡ ಹತ್ತಿಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು.

"ಪೊಲೀಸ್ರಾ?" ಎಂದರು ಬಡೇಸಾಬ್, ಕೈ ನಿಲ್ಲಿಸದೆ.

"ಅಲ್ಲ."

"ಬಂದ್ರೆ ಹಿಂದ್ಲ ಬಾಗ್ಲಿಂದ ಬರಾಕ ಹೇಳ್ರಿ. ಮುಂದ್ಲ ಬಾಗ್ಲಿಗೆ ಖಾಕಿ ಬಂದ್ರೆ ನಮ್ಮ ಹುಡುಗೀನ ಹರಿಹರದೋರಷ್ಟೇ ಅಲ್ಲ, ಯಾರೂ ತಗಳಂಗಿಲ್ಲ."

ಒಳಗೆ ಅವರ ಹೆಂಡತಿ ಜೈನಾಬಿ ಮದುವೆಗೆ ತಂದಿದ್ದ ಸೀರೆಗಳನ್ನು ಮಡಚಿ ಪೆಟ್ಟಿಗೆಗೆ ಹಾಕುತ್ತಿದ್ದರು. ಅಂಗಡಿಯವನು ಮಡಿಕೆ ಮುರಿಯದಿದ್ದರೆ ವಾಪಸು ತೆಗೆದುಕೊಳ್ಳುತ್ತಾನಂತೆ. ಶಮೀಮ್ ಸೀರೆಯ ಇನ್ನೊಂದು ತುದಿ ಹಿಡಿದುಕೊಂಡಿದ್ದಳು. ತನ್ನದಲ್ಲದ ಸೀರೆಯ ಹಾಗೆ.

"ಸೋಮವಾರ ಅಳಿಸಿದ್ದು ಯಾರಮ್ಮ?"

"ನಾನೇ ರೀ."

"ಯಾರನ್ನ?"

"ಮದುವಿ ಆದೋರ್ನ."

"ಯಾಕ?"

"ಮದುವಿ ಆದೋರು ಇನ್ನೂ ಹೆಣ್ಣು ಹುಡುಕ್ತಿದ್ರೆ ಚಲೋ ಇರಲ್ಲ ರೀ."

ನಾನು ನಕ್ಕೆ. ಅವಳು ನಗಿಸಲು ಹೇಳಿದ್ದಲ್ಲ ಎಂದು ಆಮೇಲೆ ತಿಳಿಯಿತು.

"ಅಳಿಸಿದ್ರೆ ಆ ಜಾಗ ಖಾಲಿ ಉಳಿತೈತಾ?"

"ಇಲ್ರಿ. ಹಿಂದಿನೋರು ಮುಂದೆ ಸರಿತಾರೆ. ಆಮೇಲೆ ಯಾರು ಎಲ್ಲಿ ಕುಂತಾರೆ ಅಂತ ಯಂತ್ರ ಹೊಸದಾಗಿ ಬರ್ಕಂತೈತೆ. ಅದನ್ನ ಇಂಡೆಕ್ಸ್ ಅಂತಾರೆ. ಒಂದನೇ ಫ್ಲಾಪಿಯಾಗೆ ಜನ ಇರ್ತಾರೆ, ಎರಡನೇದರಾಗೆ ಇಂಡೆಕ್ಸ್. ಎರಡೂ ಅವತ್ತೇ ಮಾಡಿ ಸರ್ ಕೈಗೆ ಕೊಟ್ಟೆ."

"ಅದಕ್ಕೂ ಮೊದ್ಲು ಒಂದು ಕಳೀತಂತಲ್ಲ?"

"ಹಿಂದಿನ ವಾರ ಮಾಡಿದ ಜೋಡಿ ಒಂದಿತ್ರಿ. ಅದರಾಗೆ ಎರಡನೇದು ಕಾಣ್ಲಿಲ್ಲ. ಮಂಡಿಪೇಟಿ ಆಫೀಸು ಎಲ್ಲಾ ಹುಡುಕ್ದೆ. ಸರ್‌ಗೆ ಹೇಳ್ದೆ."

"ಏನಂದ್ರು?"

"ಹೋಗ್ಲಿ ಬಿಡು ಅಂದ್ರು."

ಹಾಲೇಶಪ್ಪ ಎದ್ದುನಿಂತ. "ಇನ್ನೊಂದ್ಸಲ ಹೇಳು?"

"ಹೋಗ್ಲಿ ಬಿಡು ಅಂದ್ರು."

"ಬೈಲಿಲ್ಲ? ಸಂಬಳದಾಗೆ ಹಿಡಿತೀನಿ ಅನ್ಲಿಲ್ಲ?"

"ಇಲ್ರಿ. ನಂಗೂ ಒಂಥರಾ ಅನ್ನಿಸ್ತು."

"ಇದನ್ನೆಲ್ಲ ಅವತ್ತೇ ಯಾಕ್ ಹೇಳ್ಲಿಲ್ಲಮ್ಮ?"

"ಯಾರೂ ಕೇಳ್ಲಿಲ್ಲ ರೀ. ಎಲ್ಲಾರೂ ಹೇಳಿದ್ರು."

"ಸಿಟ್ಟು ಬರಲ್ವಾ ನಿಂಗೆ?"

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಕಬೋರ್ಡಿನಲ್ಲಿ ಏನೋ ಹುಡುಕುವವಳ ಹಾಗೆ.

"ಗೊತ್ತಾಗ್ತಿಲ್ಲ ರೀ," ಎಂದಳು.

ಹೊರಗೆ ಬಂದು ಸ್ಕೂಟರಿಗೆ ಒದ್ದೆ. ಹಾಲೇಶಪ್ಪ ಹತ್ತಲಿಲ್ಲ.

"ವಾಮದೇವಪ್ಪ ಎಂಥಾ ಮನುಷ್ಯ?" ಎಂದು ನನ್ನನ್ನು ಕೇಳಿದ.

"ಗುಂಡುಪಿನ್ನು ಎಣಿಸಿ ಕೊಡೋನು. ಮದುವೆಮನೇಲಿ ತಾಂಬೂಲದ ಚೀಲ ಬಿಚ್ಚಿ, ಕಾಯಿ ಅಲ್ಲಾಡಿಸಿ ನೋಡಿ ತಗಳೋನು."

"ಅಂಥೋನು ಫ್ಲಾಪಿ ಕಳೀತು ಅಂದ್ರೆ ಹೋಗ್ಲಿ ಬಿಡು ಅಂತಾನಾ? ಆ ಮಾತು ಯಾವಾಗ ಬರ್ತೈತೆ ಹೇಳು. ಹೋಗಿದ್ದು ಎಲ್ಲಿಗೆ ಹೋಗೈತೆ ಅಂತ ಗೊತ್ತಿದ್ದಾಗ." ಅವನು ಹತ್ತಿ ಕೂತ. "ಇಲ್ಲಿಂದ ಹರಿಹರದ ದಾರೀಲಿ, ಊರಿನ ಕೊನೆಯಾಗೆ ಅವರ ನೆಂಟರು ಯಾರವ್ರೆ?"

"ಅವರ ಸೋದರತ್ತೆ ಒಬ್ಬರು ಅದಾರೆ. ಅಂಜಿನವ್ವ."

"ನಡಿ."

*

ಅಂಜಿನವ್ವ ಬಾಗಿಲಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ಕಿವಿ ಮಂದ. ಹಾಲೇಶಪ್ಪ ತಾನು ವಾಮದೇವಪ್ಪನವರ ಕಡೆಯವನು ಎಂದು ಕೂಗಿ ಹೇಳಿದ. ಬೀದಿಗೆಲ್ಲ ತಿಳಿಯಿತು, ಅಂಜಿನವ್ವನಿಗೂ ತಿಳಿಯಿತು.

"ವಾಮನ ಕಡೆಯೋರಾ? ಬರ್ರಪ್ಪ. ಅವನ ಆಪೀಸು ಚಲೋ ಆತೇನು?"

"ಚಲೋ ಆತಜ್ಜಿ. ಎಲ್ಲಾ ನಿಮ್ಮ ಆಶೀರ್ವಾದ. ಅವರು ಇಲ್ಲೇನೋ ಇಟ್ಟಿದ್ರಂತಲ್ಲ?"

"ಇಡದೆ! ಮಂಗಳಾರ ಹೊಂಟರೆ ಮಂಗಳ ಆಗ್ತೈತೇನು? ಅವನಿಗೆ ಸಣ್ಣಾಗಿದ್ದಾಗಿಂದ ಅಂಜಿಕೆ. ಮ್ಯಾಲೆ ಮಾತ್ರ ಧೈರ್ಯ. ಹಿಂದ್ಲ ವಾರ ಒಳ್ಳೇ ದಿನ ನೋಡಿ ಬಂದು, 'ಅತ್ತೀ, ಯಾರಿಗೂ ಹೇಳಬ್ಯಾಡ' ಅಂತ ಪರಸ್ತಾನ ಇಟ್ಟೋದ."

"ಏನಿಟ್ರು?"

"ಅದೇ ಕರೇ ರಟ್ಟು. ದೇವರ ಜಗಲಿ ಮ್ಯಾಲೆ ಇಟ್ಟು ನಾನೇ ಅಕ್ಷತಿ ಹಾಕಿದ್ದೆ. ಮಂಗಳಾರ ಕಾರ್ ನಿಲ್ಸಿ ತಗಂಡೋದ."

"ಅದೊಂದೇ ತಗಂಡ್ರಾ? ಬದ್ಲಿಗೆ ಏನಾರ ಬಿಟ್ರಾ?"

"ಅವನ ಕೈಯಾಗೆ ಅಂಥದ್ದೇ ಇನ್ನೊಂದಿತ್ತು. ಎರಡೂ ಒಂದೇ, ಎರಡ್ಯಾಕ ಅಂತ ಒಂದು ಇಲ್ಲೇ ಬಿಟ್ಟ. ಒಳ್ಳೇ ಗಟ್ಟಿ ಐತೆ. ಎಣ್ಣಿ ಸೋರಂಗಿಲ್ಲ."

ನಾವು ಜಗಲಿಯ ಕಡೆ ನೋಡಿದೆವು. ದೀಪದ ಕಂಬದ ಕೆಳಗೆ ಕರೀ ಚೌಕ ಒಂದಿತ್ತು. ಅದರ ಚೀಟಿಯ ಮೇಲೆ ಎಣ್ಣೆಯ ಕಲೆಯ ನಡುವೆ, ದುಂಡನೆಯ ಅಕ್ಷರದಲ್ಲಿ, ಎರಡು ಎಂದು ಬರೆದಿತ್ತು.

*

ಸಂಜೆ ಹರಿಹರದ ಆಫೀಸು ತುಂಬಿತ್ತು. ವಾಮದೇವಪ್ಪ, ಅವರ ಮುಂದೆ ಬರೆದಿಟ್ಟ ಕಂಪ್ಲೇಂಟು. ಟ್ರಂಕಿನ ಮೇಲೆ ಅಜ್ಜಪ್ಪ. ಬೆಂಚಿನ ಮೇಲೆ ಮೌಲಾ ಸಾಬ್, ಖಾಜಾ ಹುಸೇನ್. ಎದುರು ಬೆಂಚಿನಲ್ಲಿ ಬಡೇಸಾಬ್, ಶಮೀಮ್. ಬೀಗರಾಗಬೇಕಿದ್ದವರು ಬಿಗಿದುಕೊಂಡು ಕೂತಿದ್ದರು. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಫ್ಯಾನು ತಿರುಗುತ್ತಿತ್ತು.

"ಪುರಾವೆ ತಂದ್ಯಾ?" ಎಂದರು ವಾಮದೇವಪ್ಪ.

"ತಂದೀನಿ. ಮೊದ್ಲು ಒಂದು ಊಟದ ಪಂಕ್ತಿ ಹೇಳ್ತೀನಿ, ಕೇಳ್ರಿ. ಮದುವಿ ಮನಿ. ಸಾಲಾಗಿ ಎಲೆ ಹಾಕೈತೆ. ಎಷ್ಟನೇ ಎಲೆ ಯಾರದು ಅಂತ ಬಡಿಸೋನು ಒಂದು ಚೀಟಿ ಬರ್ಕಂಡ. ಸಕ್ಕರೆ ಕಾಯಿಲೆಯೋರಿಗೆ ಹೋಳಿಗಿ ಬ್ಯಾಡ, ಬೀಗರಿಗೆ ಎರಡು ಹಾಕು, ಹಿಂಗೆ. ಅಷ್ಟರಾಗೆ ನಡು ನಡುವೆ ಕುಂತ ಕೆಲವರು ಎದ್ದೋದ್ರು. ಉಳಿದೋರು ಸರಿದು ಕುಂತ್ರು. ಆದ್ರೆ ಬಡಿಸೋನ ಕೈಯಾಗೆ ಹಳೇ ಚೀಟಿ. ಏನಾಗ್ತೈತೆ?"

"ಸಕ್ಕರೆ ಕಾಯಿಲೆಯೋನ ಎಲಿಗೆ ಎರಡು ಹೋಳಿಗಿ," ಎಂದರು ಮೌಲಾ ಸಾಬ್. ಅವರಿಗೆ ಸಕ್ಕರೆ ಕಾಯಿಲೆ ಇತ್ತು.

"ಎದ್ದೋದವರಿಗಿಂತ ಮೊದ್ಲು ಕುಂತೋರಿಗೆ?"

"ಅವರಿಗೇನೂ ಆಗಲ್ಲ. ಅವರು ಸರ್ದಿಲ್ಲವಲ್ಲ."

"ಸಾಲಿನ ಕಟ್ಟಕಡೆಗೆ?"

"ಎಲೆ ಇಲ್ಲ."

"ಔಟ್ ಆಫ್ ರೇಂಜ್!" ಎಂದ ಹಾಲೇಶಪ್ಪ. "ಎದ್ದೋದವರು ಮದುವಿ ಆದೋರು. ಅವರನ್ನ ತೆಗ್ದಿದ್ದು ಶಮೀಮ್. ಅದು ಅವಳ ಕೆಲಸ. ತೆಗೆದ ಮ್ಯಾಲೆ ಹೊಸ ಚೀಟೀನೂ ಮಾಡಿ, ಎರಡನೇ ನಂಬರಿನ ಫ್ಲಾಪಿಗೆ ಹಾಕಿ ಕೊಟ್ಲು. ಆದ್ರೆ ಈ ಹೊಸ ಯಂತ್ರಕ್ಕೆ ಸೇರಿದ್ದು ಹೊಸ ಜನ, ಹಳೇ ಚೀಟಿ. ಹಳೇ ಚೀಟಿ ಎಲ್ಲಿಂದ ಬಂತು? ಹಿಂದಿನ ವಾರ ಕಳೆದೋದ ಫ್ಲಾಪಿಯಿಂದ. ಅದನ್ನ ತಗಂಡೋರು ಯಾರು?"

ಅಜ್ಜಪ್ಪ ಟ್ರಂಕಿನ ಮೇಲೆ ಸರಿದು ಕೂತರು. "ನನ್ನ ಯಾಕ ನೋಡ್ತೀಯಪ್ಪ?"

"ನಿಮ್ಮ ಹಿಂದಿರೋರ್ನ ನೋಡ್ತಿದೀನಿ. ವಾಮದೇವಪ್ನೋರೇ, ಪೂಜೆ ಇಲ್ಲದ ಉದ್ಘಾಟನೆಯಾಗೆ ಫ್ಲಾಪಿ ಚೀಲದಾಗೆ ಅಕ್ಷತೆ ಹೆಂಗೆ ಬಂತ್ರಿ?"

ವಾಮದೇವಪ್ಪ ಕಂಪ್ಲೇಂಟನ್ನು ತಮ್ಮ ಕಡೆ ಎಳೆದುಕೊಂಡರು.

ಹಾಲೇಶಪ್ಪ ಚೀಲದಿಂದ ಎಣ್ಣೆ ಹಿಡಿದ ಫ್ಲಾಪಿ ತೆಗೆದು ಕಂಪ್ಲೇಂಟಿನ ಮೇಲೆ ಇಟ್ಟ. ಕಾಗದ ಎಣ್ಣೆ ಕುಡಿಯಿತು.

"ಅಂಜಿನವ್ವಜ್ಜಿ ಮನೆ ದೀಪದ ಕೆಳಗಿತ್ತು. ಮೌಲಾ ಸಾಬ್ರೇ, ನಿಮಗೆ ಹೇಳ್ತೀನಿ. ನಮ್ಮಲ್ಲಿ ಪರಸ್ಥಾನ ಅಂತ ಐತೆ. ಹೊರಡಬೇಕಾದ ದಿನ ಚಲೋ ಇಲ್ಲ ಅಂದ್ರೆ, ಮೊದ್ಲೇ ಒಂದು ಒಳ್ಳೇ ದಿನ ನೋಡಿ, ಸಾಮಾನಿನಾಗೆ ಒಂದನ್ನ ತಗಂಡೋಗಿ, ಹೋಗೋ ದಿಕ್ಕಿನಾಗಿರೋ ಯಾರದಾರ ಮನೆಯಾಗೆ ಇಡೋದು. ಪ್ರಯಾಣ ಅವತ್ತೇ ಶುರುವಾತು ಅಂತ ಲೆಕ್ಕ. ಆಮೇಲೆ ಯಾವತ್ತು ಹೊರಟ್ರೂ ದೋಷಿಲ್ಲ. ದಾರೀಲಿ ಅದನ್ನ ಎತ್ಕಂಡು ಮುಂದಕ್ಕೆ ಹೋಗ್ಬೇಕು. ಬಟ್ಟಿ ಇಡ್ತಾರೆ, ಅಕ್ಕಿ ಇಡ್ತಾರೆ, ಚೊಂಬು ಇಡ್ತಾರೆ. ಇವ್ರು ಕಂಪ್ಯೂಟರಿನ ಪ್ರಯಾಣಕ್ಕೆ ಫ್ಲಾಪಿ ಇಟ್ರು. ಎತ್ಕಳಾಕ ಹೋದಾಗ ಕೈಯಾಗೆ ಅದೇ ನಂಬರಿಂದು ಇನ್ನೊಂದಿತ್ತು. ಶುಭದ್ದನ್ನ ತಂದ್ರು, ಸರಿಯಾದ್ದನ್ನ ಬಿಟ್ರು."

"ಎರಡೂ ಒಂದೇ ಅಲ್ವೇನೋ!" ವಾಮದೇವಪ್ಪನ ದನಿ ಒಡೆಯಿತು. "ಅದೇ ರಟ್ಟು, ಅದೇ ಅಕ್ಷರ, ಅದೇ ನಂಬರು. ಚೊಂಬು ವಾರ ಬಿಟ್ಟು ನೋಡಿದ್ರೂ ಚೊಂಬೇ ಅಲ್ವಾ?"

"ಚೊಂಬಿನಾಗೆ ಹಾಲಿದ್ರೆ ವಾರ ಬಿಟ್ಟು ಅದೇ ಹಾಲಾ? ಆಫೀಸಿನಿಂದ ಫ್ಲಾಪಿ ತಗಂಡೋದೋರು ನೀವು. ಅದು ಕಳ್ಳತನ ಅಂದ್ರೆ ಕಳ್ಳ ನೀವೇ. ಆದ್ರೆ ನಾನು ಅಪರಾಧ ಅನ್ನೋದು ಅದನ್ನಲ್ಲ. ಇವಳು ಫ್ಲಾಪಿ ಕಳಕೊಂಡಾಳೆ ಅಂತ ಅಜ್ಜಪ್ಪ ಹೇಳ್ದಾಗ, ಮಾರ್ಕೊಂಡಾಳೆ ಅಂದಾಗ, ಅದು ಎಲ್ಲೈತೆ ಅಂತ ಗೊತ್ತಿದ್ದೋರು ಈ ಕೋಣೇಲಿ ಒಬ್ಬರೇ. ಅವರು ಮೇಜು ಕುಟ್ಟಿ, ಬರ್ಕೋ ಅಂದ್ರು."

ವಾಮದೇವಪ್ಪ ಎಣ್ಣೆಯ ಕಾಗದವನ್ನು ನೋಡುತ್ತಿದ್ದರು.

"ಜನ ನಗ್ತಿದ್ರು ಕಣೋ," ಎಂದರು ಕೊನೆಗೆ. "ಭಾಷಣ ಮಾಡೋನು ಪರಸ್ಥಾನ ಇಟ್ಟ ಅಂತ."

"ನಗ್ತಿದ್ರು," ಎಂದ ಹಾಲೇಶಪ್ಪ. "ಅಷ್ಟೇ ಆಗ್ತಿತ್ತು."

ಶಮೀಮ್ ಎದ್ದಳು. ಅಪ್ಪಣೆ ಕೇಳಲಿಲ್ಲ. ಯಂತ್ರದ ಮುಂದೆ ಕೂತು ಎರಡು ಸಾಲು ಬಡಿದಳು. ಯಂತ್ರ ಹೊಸ ಚೀಟಿ ಬರೆದುಕೊಳ್ಳುತ್ತ ಒಳಗೊಳಗೇ ಕಟಕಟ ಎಂದಿತು. ಅವಳು ರೇವಣ್ಣನ ಮಗಳ ನಂಬರು ಹಾಕಿದಳು. ಬಿ.ಎ. ಓದುವ ಹುಡುಗಿ ಬಂದಳು. ಅವತ್ತಿನ ಮೇಷ್ಟ್ರೂ ಬಂದರು, ಕಟ್ಟಕಡೆಯ ಎಲೆಯಲ್ಲಿ. ಅಜ್ಜಪ್ಪ ಟ್ರಂಕಿಗೆ ಬೀಗ ಹಾಕಿದರು.

"ಇಷ್ಟೇನಾ?" ಎಂದರು ವಾಮದೇವಪ್ಪ.

"ಇಷ್ಟೇ ಸರ್. ಅವತ್ತು ಮುಟ್ಟಾಕ ಬಿಟ್ಟಿದ್ರೆ ಅವತ್ತೇ ಆಗ್ತಿತ್ತು."

ವಾಮದೇವಪ್ಪ ಕಂಪ್ಲೇಂಟನ್ನು ನಾಲ್ಕು ಚೂರು ಮಾಡಿದರು. ಮೌಲಾ ಸಾಬ್ ಗಂಟಲು ಸರಿಮಾಡಿಕೊಂಡರು.

"ಅಲ್ಹಮ್ದುಲಿಲ್ಲಾ. ಎಲ್ಲಾ ಸಾಫ್ ಆತು. ಹಂಗಾದ್ರೆ ತಾರೀಖು ಅದೇ ಇರ್ಲಿ. ಏನಂತೀರಿ ಬಡೇಸಾಬ್?"

ಬಡೇಸಾಬ್ ಬಾಯಿ ತೆರೆದರು. ಶಮೀಮ್ ಯಂತ್ರದ ಕಡೆಯಿಂದ ತಿರುಗಿದಳು.

"ಒಂದ್ ಮಾತು ಮಾಮೂ. ಇವ್ರನ್ನ ಕೇಳ್ಬೇಕು." ಅವಳು ಖಾಜಾ ಹುಸೇನನನ್ನು ನೋಡಿದಳು. "ಅವತ್ತು ನೀವೂ ಅಲ್ಲೇ ಇದ್ರಿ."

"ಇದ್ದೆ."

"ಆಮೇಲೆ ಯಾಕ ಬರ್ಲಿಲ್ಲ? ನೀನು ಮಾಡಿದ್ಯಾ ಅಂತ ಕೇಳಾಕಾದ್ರೂ?"

"ಅಬ್ಬಾ ಬ್ಯಾಡ ಅಂದ್ರು."

"ಅವರು ಬ್ಯಾಡ ಅಂದ್ರು. ನಿಮಗೇನ್ ಅನ್ನಿಸ್ತು? ನಾನು ಮಾಡೀನಿ ಅಂತಾನಾ, ಮಾಡಿಲ್ಲ ಅಂತಾನಾ?"

ಖಾಜಾ ಹುಸೇನ್ ಒಳ್ಳೆಯ ಹುಡುಗ. ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ. ಅವನು ಅಪ್ಪನ ಮುಖ ನೋಡಿದ. ಉತ್ತರ ಅಲ್ಲಿ ಬರೆದಿದೆಯೋ ಏನೋ ಎಂದು ಸ್ವಲ್ಪ ಜಾಸ್ತಿ ಹೊತ್ತೇ ನೋಡಿದ.

"ತಾರೀಖು ಬ್ಯಾಡ ಮಾಮೂ," ಎಂದಳು ಶಮೀಮ್. ಎರಡು ಫ್ಲಾಪಿ ಮಾಡಿದೆ ಎಂದು ಹೇಳಿದ ದನಿಯಲ್ಲೇ.

"ಏನ್ ಹುಡುಗಿ ಇದು! ಎಲ್ಲಾ ಸರಿಹೋದ ಮ್ಯಾಲೆ—"

"ಯಂತ್ರ ಸರಿಹೋತು ಮಾಮೂ."

ಬಡೇಸಾಬ್ ಮಗಳನ್ನೇ ನೋಡುತ್ತಿದ್ದರು. ಆಮೇಲೆ ಬೆಂಚಿನ ಮೇಲಿದ್ದ ತಮ್ಮ ಟೋಪಿ ತೆಗೆದುಕೊಂಡು ಹಾಕಿಕೊಂಡರು. "ನಡಿ ಬೇಟಿ," ಎಂದರು. "ಬಸ್ಸು ಸಿಗ್ತೈತೆ."

ಬಾಗಿಲ ತನಕ ವಾಮದೇವಪ್ಪ ಹಿಂದೆಯೇ ಬಂದರು. "ಸೋಮವಾರ ಬರ್ತೀಯಲ್ಲ ಶಮೀಮ್? ಸಂಬಳ ಬೇಕಾದ್ರೆ—"

"ಸೋಮವಾರ ಮೈಕ್ ತರಿಸ್ರಿ ಸರ್," ಎಂದಳು ಅವಳು. "ಅವತ್ತಿನಷ್ಟೇ ಜನ ಕರೀರಿ. ಈಗ ಒಪ್ಕಂಡಿದ್ದನ್ನ ಅದರಾಗೆ ಹೇಳ್ರಿ. ಆಮೇಲೆ ಬರ್ತೀನಿ."

ನಾವು ಬಸ್ ಸ್ಟ್ಯಾಂಡಿನವರೆಗೆ ಸ್ಕೂಟರು ತಳ್ಳಿಕೊಂಡು ಅವರ ಜೊತೆ ನಡೆದೆವು. ದಾವಣಗೆರೆಯ ಬಸ್ಸು ಇನ್ನೂ ಬಂದಿರಲಿಲ್ಲ. ಶಮೀಮ್ ಕಲ್ಲುಬೆಂಚಿನ ಮೇಲೆ ಕೂತು, ಎದುರಿನ ಗಾಡಿಯಲ್ಲಿ ಮೆಣಸಿನಕಾಯಿ ಬಜ್ಜಿ ಎಣ್ಣೆಗೆ ಬೀಳುವುದನ್ನು ಬಹಳ ಹೊತ್ತು ನೋಡಿದಳು.

"ಅಬ್ಬಾ," ಎಂದು ಅಪ್ಪನನ್ನು ಕರೆದಳು. "ಹಸಿವಾಗ್ತೈತೆ."

ಬಡೇಸಾಬ್ ಬಜ್ಜಿಯ ಗಾಡಿಗೆ ಓಡಿಯೇಬಿಟ್ಟರು.